ಉಣುಗಿಗೆ ಎಷ್ಟು ಕಾಲು?

ನಮ್ಮ ಪದವಿ ಕಾಲೇಜುಗಳ ಪ್ರಾಣಿಶಾಸ್ತ್ರ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ: ಎಂಟು. ಉಣುಗು ಜೇಡನ ವರ್ಗಕ್ಕೆ ಸೇರಿದ ಜೀವಿ, ಆ ವರ್ಗದ ಜೀವಿಗಳಿಗೆ ಎಂಟು ಕಾಲು, ಆದ್ದರಿಂದ ಉಣುಗಿಗೂ ಎಂಟು. ನೋಟ್ಸ್‌ನಲ್ಲಿ ಹಾಗೇ ಇದೆ, ಗೈಡ್‌ನಲ್ಲೂ ಹಾಗೇ ಇದೆ, ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಆದರೆ ಆಗಷ್ಟೇ ಮೊಟ್ಟೆಯೊಡೆದು ಬಂದ ಉಣುಗಿನ ಮರಿಗೆ ಇರುವುದು ಆರೇ ಕಾಲು. ಅದು ಒಮ್ಮೆ ರಕ್ತ ಹೀರಿ ಪೊರೆ ಕಳಚಿದ ಮೇಲೆ ಎಂಟು ಕಾಲಿನದಾಗುತ್ತದೆ. ಕಣ್ಣಿಗೆ ಸರಿಯಾಗಿ ಕಾಣಿಸದಷ್ಟು ಸಣ್ಣದಾದ ಆ ಎರಡನೆಯ ಹಂತದ ಮರಿಯೇ ಬಹುತೇಕ ಮನುಷ್ಯನನ್ನು ಕಚ್ಚಿ ಮಂಗನ ಕಾಯಿಲೆ ಅಂಟಿಸುವುದು. ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ತಾಲ್ಲೂಕುಗಳಲ್ಲಿ ಇದು ಅಂಕದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೊದಲು ಇದನ್ನು ಹಳದಿ ಜ್ವರವಿರಬಹುದೆಂದು ಶಂಕಿಸಿದರು. ಹುಡುಕುತ್ತ ಹೋದಂತೆ ಅದು ಉಣುಗಿನಿಂದ ಹರಡುವ, ಅದುವರೆಗೆ ಯಾರಿಗೂ ಗೊತ್ತಿರದ ವೈರಸ್ ಎಂದು ತಿಳಿಯಿತು. ಇಂದು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಆ ಕಾಯಿಲೆಗಿರುವುದು ನಮ್ಮ ಒಂದು ಕಾಡಿನ ಹೆಸರು. ರೋಗ ಬಂದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. 2018-19ರ ಬೇಸಿಗೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಎಷ್ಟೋ ಮನೆಗಳಿಗೆ ಸಾವನ್ನು ತಂದಿತು. ದಶಕಗಳಿಂದ ಕೊಡುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತುಹೋಯಿತು. ಲಸಿಕೆ ಇಲ್ಲದ ಊರಿಗೆ ತಿಳುವಳಿಕೆಯೇ ಲಸಿಕೆ. ಆ ತಿಳುವಳಿಕೆಯನ್ನು ಮನೆಮನೆಗೆ ಒಯ್ಯಬಲ್ಲವರು ಯಾರು? ಅದೇ ಮನೆಗಳಿಂದ ದಿನಾ ಬಸ್ಸು ಹತ್ತಿ ಕಾಲೇಜಿಗೆ ಬರುವ ಬಿ.ಎಸ್ಸಿ. ವಿದ್ಯಾರ್ಥಿಗಳು. ಅವರಿಗೆ ನಾವು ಕಲಿಸುತ್ತಿರುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಹೆಸರಿನ ಕಾಗುಣಿತವನ್ನು!

ನಾನು ಜೀವಶಾಸ್ತ್ರದ ಮೇಷ್ಟ್ರಲ್ಲ, ಕತೆ ಬರೆಯುವವನು. ನಿಮಗೇಕೆ ಈ ಉಸಾಬರಿ ಎಂದು ಯಾರಾದರೂ ಕೇಳಬಹುದು. ಕತೆಗಾರನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಕೊನೆಯನ್ನು ಮೊದಲೇ ಹೇಳಿಬಿಟ್ಟರೆ ಕತೆಯನ್ನು ಯಾರೂ ಓದುವುದಿಲ್ಲ. ನಮ್ಮ ಜೀವಶಾಸ್ತ್ರದ ತರಗತಿ ಶುರುವಾಗುವುದೇ ಕೊನೆಯಿಂದ. ಮೊದಲು ವ್ಯಾಖ್ಯೆ, ಆಮೇಲೆ ಲಕ್ಷಣಗಳು, ಆಮೇಲೆ ವರ್ಗೀಕರಣ, ಕೊನೆಗೆ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬ ಅಪ್ಪಣೆ. ಯಾರೋ ಎಲ್ಲವನ್ನೂ ಕಂಡುಹಿಡಿದು ಮುಗಿಸಿದ್ದಾರೆ, ನಿನಗೆ ಉಳಿದಿರುವುದು ಬಾಯಿಪಾಠ ಮಾತ್ರ ಎಂದು ಹದಿನೆಂಟು ವರ್ಷದವರಿಗೆ ಮೂರು ವರ್ಷ ಹೇಳುತ್ತಲೇ ಇದ್ದರೆ ಅವರು ಕಿಟಕಿಯಾಚೆ ನೋಡದೆ ಇನ್ನೇನು ಮಾಡಿಯಾರು? ವಿಪರ್ಯಾಸವೆಂದರೆ, ಮಲೆನಾಡಿನಲ್ಲಿ ಜೀವಶಾಸ್ತ್ರ ಇರುವುದೂ ಕಿಟಕಿಯಾಚೆಗೇ.

ಪರದೆಯ ಮೇಲಿನ ಕಾಡು

ವಿದ್ಯಾರ್ಥಿಗಳಿಗೆ ಆಸಕ್ತಿಯಿಲ್ಲ ಎಂಬ ದೂರು ಎಲ್ಲ ಕಡೆ ಕೇಳಿಬರುತ್ತದೆ. ಅದಕ್ಕೆ ವ್ಯವಸ್ಥೆ ಕಂಡುಕೊಂಡ ಮದ್ದು ಪ್ರೊಜೆಕ್ಟರು. ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದುದನ್ನೇ ಬಣ್ಣದ ಅಕ್ಷರಗಳಲ್ಲಿ ಪರದೆಯ ಮೇಲೆ ಹಾಕಿ, ಅದಕ್ಕೆ ಸ್ಮಾರ್ಟ್ ಕ್ಲಾಸ್ ಎಂದು ಹೆಸರಿಟ್ಟು, ಮೌಲ್ಯಮಾಪನ ಸಮಿತಿ ಬಂದಾಗ ತೋರಿಸಲು ಒಂದು ಫೋಟೊ ತೆಗೆದಿಡುತ್ತೇವೆ. ವರ್ಷಕ್ಕೆ ಏಳೆಂಟು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯಿರುವ ತಾಲ್ಲೂಕಿನಲ್ಲಿ ಕುಳಿತ ಹುಡುಗರು ಮಳೆಕಾಡು ಎಂದರೇನೆಂದು ತಿಳಿಯಲು ಅಮೆಜಾನ್‌ನ ವಿಡಿಯೊ ನೋಡುತ್ತಾರೆ. ಪ್ರೊಜೆಕ್ಟರಿನ ಮೇಲೆ ನನಗೆ ಸಿಟ್ಟಿಲ್ಲ. ಬಾಯಿಪಾಠಕ್ಕೆ ಬಣ್ಣ ಬಳಿದು ಅದನ್ನು ಹೊಸತನ ಎನ್ನುವ ಸೋಮಾರಿತನದ ಮೇಲೆ ಸಿಟ್ಟಿದೆ.

2014ನೇ ಇಸವಿಯನ್ನು ನೆನೆಯೋಣ. ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ ಆ ವರ್ಷ ನಿಲ್ಲಿಸಿತು. ತಲೆಮಾರುಗಳಿಂದ ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿ ಗುಂಡುಸೂಜಿ ಚುಚ್ಚಿಸಿಕೊಂಡಿದ್ದ ಕಪ್ಪೆಗಳಿಗೆ ಬಿಡುಗಡೆ ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ತೆರವಾದ ಆ ತಟ್ಟೆಯ ಜಾಗಕ್ಕೆ ನಾವು ಏನನ್ನು ತಂದೆವು? ಹೆಚ್ಚಿನ ಕಡೆ ಕಪ್ಪೆಯ ಚಿತ್ರವನ್ನು, ಇಲ್ಲವೇ ಕಂಪ್ಯೂಟರಿನಲ್ಲಿ ಕೊಯ್ಯುವ ಕಪ್ಪೆಯನ್ನು. ಅದೇ 2014ರಲ್ಲಿ ಕೆ.ವಿ. ಗುರುರಾಜ ಮತ್ತು ಅವರ ಸಂಗಡಿಗರು ಜೋಗಕ್ಕೆ ದೂರವಲ್ಲದ ಕತ್ತಲೆಕಾನಿನಿಂದ ಒಂದು ಹೊಸ ಕಪ್ಪೆಯನ್ನು ಜಗತ್ತಿಗೆ ಪರಿಚಯಿಸಿದರು. ಗಂಡು ಕಪ್ಪೆ ಹಿಂಗಾಲಿನ ಮೇಲೆ ನಿಂತು, ಮುಂಗೈಯಲ್ಲಿ ಕೆಸರು ತೆಗೆದು, ಮೊಟ್ಟೆಗಳಿಗೆ ಮೆತ್ತುತ್ತದೆ. ಅದಕ್ಕೇ ಅದರ ಹೆಸರು ಕುಂಬಾರ ಕಪ್ಪೆ. ಅದರ ವೈಜ್ಞಾನಿಕ ಹೆಸರಿನಲ್ಲೂ ಕುಂಬಾರ ಎಂಬ ನಮ್ಮ ಪದವೇ ಕುಳಿತಿದೆ. ಇದನ್ನು ಕಂಡುಹಿಡಿಯಲು ಕಪ್ಪೆಯ ಹೊಟ್ಟೆ ಸೀಳಬೇಕಾಗಿರಲಿಲ್ಲ. ರಾತ್ರಿ ಹೊತ್ತು ಹಳ್ಳದ ಬದಿಯಲ್ಲಿ ಸುಮ್ಮನೆ ಕುಳಿತು ನೋಡುವ ತಾಳ್ಮೆ ಬೇಕಿತ್ತು. ಅಂಥ ಹಳ್ಳ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನರ ಮನೆಯ ಹಿಂದೆಯೇ ಹರಿಯುತ್ತಿಲ್ಲ?

ಕೋಟೆಯೆಂಬ ಪ್ರಯೋಗಾಲಯ

ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ ಕವಲೇದುರ್ಗವಿದೆ. ಕೆಳದಿ ಅರಸರ ಕೋಟೆ. ಗುಡ್ಡದ ಮೇಲೆ ಒಂದರೊಳಗೊಂದು ಸುತ್ತು ಗೋಡೆಗಳು, ಪಾಳುಬಿದ್ದ ಅರಮನೆಯ ಕಟ್ಟೆಗಳು, ಬೇಸಿಗೆಯಲ್ಲೂ ನೀರಿರುವ ಕೊಳಗಳು. ಇತಿಹಾಸ ವಿಭಾಗದವರು ಅಲ್ಲಿಗೆ ಪ್ರವಾಸ ಹೋಗುತ್ತಾರೆ. ಉಳಿದವರು ಸೆಲ್ಫಿಗೆ ಹೋಗುತ್ತಾರೆ. ಜೀವಶಾಸ್ತ್ರದವರಿಗೆ ಅದೊಂದು ಪ್ರಯೋಗಾಲಯವೆಂದು ತೋರಿದ್ದರೆ ಎಷ್ಟು ಚೆನ್ನಾಗಿತ್ತು!

ಲೆಕ್ಕ ಹಾಕಿ ನೋಡಿ. ತರಗತಿಯಲ್ಲಿ ಮೂವತ್ತು ಜನರಿದ್ದರೆ ಮೂರು ಗುಂಪು; ಕೆಳಗಿನ ಗೋಡೆಗೊಂದು, ನಡುವಿನದಕ್ಕೊಂದು, ಮೇಲಿನದಕ್ಕೊಂದು. ಪ್ರತಿ ಗುಂಪಿನ ಕೈಯಲ್ಲಿ ಅಡಿಕೆ ದಬ್ಬೆಯ ಸೀಳಿನಿಂದ ಮಾಡಿದ ಒಂದಡಿ ಚೌಕದ ಕಟ್ಟು. ಅದನ್ನು ಗೋಡೆಗೆ ಹಿಡಿದು ಒಳಗಿರುವ ಪಾಚಿ ಎಷ್ಟು, ಜರೀಗಿಡ ಎಷ್ಟು, ಕಲ್ಲುಹೂವು ಎಷ್ಟು, ಇರುವೆ ಯಾವ ಬಗೆಯದು ಎಂದು ಎಣಿಸುವುದು. ಬಿಸಿಲು ಬೀಳುವ ಮುಖಕ್ಕೂ ನೆರಳಿನ ಮುಖಕ್ಕೂ ವ್ಯತ್ಯಾಸವೇನು? ಜನ ಓಡಾಡುವ ಬಾಗಿಲ ಬಳಿ ಏನು ಕಡಿಮೆಯಾಗಿದೆ? ಕೊಳದಲ್ಲಿ ಜೂನ್‌ನಲ್ಲಿ ಕಂಡ ಗೊದಮೊಟ್ಟೆ ಆಗಸ್ಟ್‌ನಲ್ಲಿ ಏನಾಯಿತು? ಗಿಡ ಕೀಳಬೇಕಿಲ್ಲ, ಕಲ್ಲು ಕೆರೆಯಬೇಕಿಲ್ಲ. ಸ್ಮಾರಕಕ್ಕೆ ಒಂದು ಗೀರೂ ಬೀಳದಂತೆ ಮಾಡಬಹುದಾದ ಕೆಲಸವಿದು. ಖರ್ಚು ಬಸ್ ಚಾರ್ಜು ಮತ್ತು ಬುತ್ತಿ. ಆ ಎಣಿಕೆಯನ್ನು ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆದಿಟ್ಟು ಮುಂದಿನ ವರ್ಷದವರಿಗೆ ದಾಟಿಸಿದರೆ, ಹತ್ತನೆಯ ತಂಡದ ಕೈಗೆ ಹತ್ತು ವರ್ಷದ ದಾಖಲೆ ಬರುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ಮೇಷ್ಟ್ರಿಗೂ ಗೊತ್ತಿರುವುದಿಲ್ಲ. ಈ ಪಾಠದ ಜೀವವೇ ಅದು. ಉತ್ತರ ಗೊತ್ತಿಲ್ಲದ ಮೇಷ್ಟ್ರು ಮತ್ತು ಉತ್ತರ ಗೊತ್ತಿಲ್ಲದ ವಿದ್ಯಾರ್ಥಿ ಒಂದೇ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಾಗ ಆಸಕ್ತಿಯನ್ನು ಯಾರೂ ಬೇರೆಯಾಗಿ ಹುಟ್ಟಿಸಬೇಕಾಗಿಲ್ಲ.

ಕಲ್ಲುಹೂವಿನ ಮಾತು ಬಂತು. ಪಠ್ಯದಲ್ಲಿ ಅದರ ಹೆಸರು ಲೈಕೆನ್. ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರ. ಒಂದು ಗಾಳಿ ಹಿಡಿದಿಟ್ಟ ನೀರಿನಲ್ಲಿ ಮನೆ ಕಟ್ಟಿಕೊಡುತ್ತದೆ, ಇನ್ನೊಂದು ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ವಿದ್ಯಾರ್ಥಿಗಳು ಅದರ ಚಿತ್ರವನ್ನು ಸೀನಿಯರ್‌ಗಳ ರೆಕಾರ್ಡ್ ಬುಕ್ಕಿನಿಂದ ನಕಲು ಮಾಡುತ್ತಾರೆ. ಅದೇ ವಸ್ತು ನಮ್ಮ ಮನೆಗಳಲ್ಲಿ ಬಿರಿಯಾನಿ ಮಸಾಲೆಯ ಡಬ್ಬಿಯಲ್ಲಿದೆ. ಅಮ್ಮಂದಿರು ಅದನ್ನು ಪತ್ಥರ್ ಕಾ ಫೂಲ್ ಎನ್ನುತ್ತಾರೆ. ಪಕ್ಕದ ಮನೆಯವರ ಮಸಾಲೆಪುಡಿಯಲ್ಲಿ ಅದೇ ಕಲ್ಲುಹೂವು. ಮಸಾಲೆಯ ಡಬ್ಬಿ, ಕೋಟೆಯ ಗೋಡೆ, ಪುಸ್ತಕದ ಪುಟ ಈ ಮೂರೂ ಒಂದೇ ಎಂದು ಒಬ್ಬ ಹುಡುಗಿಗೆ ಹೊಳೆಯುವ ಗಳಿಗೆ ಇದೆಯಲ್ಲ, ಅದರಷ್ಟು ದೊಡ್ಡ ಪಾಠವನ್ನು ಯಾವ ಪರದೆಯೂ ಕಲಿಸಲಾರದು.

ಕಪಾಟು ತೆರೆದವರು

ಪಕ್ಷಿತಜ್ಞ ಸಾಲಿಂ ಅಲಿಯವರ ಬಾಲ್ಯದ ಘಟನೆ ಅನೇಕರಿಗೆ ಗೊತ್ತು. ಮುಂಬಯಿಯ ಹುಡುಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದ. ಅದರ ಕುತ್ತಿಗೆಯಲ್ಲಿ ಹಳದಿ ಮಚ್ಚೆಯಿತ್ತು. ಇದೇನೆಂದು ಕೇಳಿದಾಗ ಸೋದರಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲರ್ಡ್ ಹಕ್ಕಿಯನ್ನು ಗುರುತಿಸಿಕೊಟ್ಟು, ಆಮೇಲೆ ಕಪಾಟುಗಳನ್ನು ತೆರೆದು ನೂರಾರು ಹಕ್ಕಿಗಳನ್ನು ತೋರಿಸಿದರು. ಆ ಹುಡುಗ ಕಾಲೇಜಿನ ಬೀಜಗಣಿತಕ್ಕೆ ಹೆದರಿ ಓದು ಬಿಟ್ಟು ಬರ್ಮಾಕ್ಕೆ ಹೋದ. ಕೊನೆಗೂ ಓದಿ ಗಳಿಸಿದ ಪದವಿ ಅವರಿಗೆ ಇರಲಿಲ್ಲ. ಝೂಲಾಜಿಕಲ್ ಸರ್ವೆಯ ಹುದ್ದೆಯೊಂದು ಅದೇ ಕಾರಣಕ್ಕೆ ಕೈತಪ್ಪಿತು. ಆದರೆ ಹಕ್ಕಿಗಳ ವಿಷಯದಲ್ಲಿ ಈ ದೇಶ ಪ್ರಶ್ನೆ ಕೇಳಬೇಕಾದಾಗಲೆಲ್ಲ ಅವರನ್ನೇ ಕೇಳಿತು. ಕ್ಯಾಸನೂರಿನ ವೈರಸ್ಸನ್ನು ದೂರದೇಶದಿಂದ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣುಗು ತಂದಿರಬಹುದೇ ಎಂಬ ಸಂದೇಹ ಎದ್ದಾಗ, ಆ ಹಕ್ಕಿಗಳ ಅಧ್ಯಯನಕ್ಕೆ ನೆರವಾದವರಲ್ಲಿ ಸಾಲಿಂ ಅಲಿಯೂ ಒಬ್ಬರು. ಅವರ ಹೆಸರು ಹೇಳಿ ಹೆಮ್ಮೆಪಡುವ ನಾವು, ನಮ್ಮ ಕಾಲೇಜಿನಲ್ಲಿ ಕಪಾಟು ತೆರೆಯುವವರು ಎಷ್ಟಿದ್ದಾರೆ ಎಂದೂ ಕೇಳಿಕೊಳ್ಳಬೇಕು.

ಇದೆಲ್ಲ ಭಾವುಕತೆ, ಪದವಿ ಹುಡುಗರಿಂದ ಸಂಶೋಧನೆ ಆಗುತ್ತದೆಯೇ ಎನ್ನುವವರಿಗೆ ಒಂದು ಕೊಳೆತ ಬದನೆಕಾಯಿಯ ಕತೆ ಹೇಳುತ್ತೇನೆ. ಅಮೆರಿಕದಲ್ಲಿ 2008ರಿಂದ ಒಂದು ಕಾರ್ಯಕ್ರಮ ನಡೆಯುತ್ತಿದೆ. ಪದವಿಯ ಮೊದಲ ವರ್ಷದ ವಿದ್ಯಾರ್ಥಿಗಳು ತಮ್ಮ ಹಿತ್ತಿಲಿನ ಮಣ್ಣು ತಂದು ಅದರಲ್ಲಿ ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್ ಹುಡುಕುತ್ತಾರೆ; ಸಿಕ್ಕರೆ ಅದಕ್ಕೆ ತಾವೇ ಹೆಸರಿಡುತ್ತಾರೆ. ಅದರ ಹಿಂದಿರುವ ಪಿಟ್ಸ್‌ಬರ್ಗ್‌ನ ವಿಜ್ಞಾನಿ ಗ್ರಹಾಂ ಹ್ಯಾಟ್‌ಫುಲ್ ಅವರ ಸಂಗ್ರಹಕ್ಕೆ ದಕ್ಷಿಣ ಆಫ್ರಿಕಾದ ಡರ್ಬನ್‌ನಿಂದಲೂ ಒಂದು ವೈರಸ್ ಹೋಯಿತು. 2010ರಲ್ಲಿ ವಿದ್ಯಾರ್ಥಿನಿಯೊಬ್ಬಳು ಕೊಳೆತ ಬದನೆಕಾಯಿಯ ಅಡಿಯಿಂದ ಹೆಕ್ಕಿದ್ದು ಅದು, ಹೆಸರು ಮಡ್ಡಿ. ಕೆಲವು ವರ್ಷಗಳ ನಂತರ ಲಂಡನ್ನಿನಲ್ಲಿ ಯಾವ ಔಷಧಿಗೂ ಬಗ್ಗದ ಸೋಂಕಿನಿಂದ ಸಾವಿನ ಅಂಚಿನಲ್ಲಿದ್ದ ಬಾಲಕಿಯೊಬ್ಬಳಿಗೆ ಕೊಟ್ಟ ಚಿಕಿತ್ಸೆಯಲ್ಲಿ ಮಡ್ಡಿಯೂ ಇತ್ತು. ಆಕೆ ಚೇತರಿಸಿಕೊಂಡ ವರದಿ 2019ರಲ್ಲಿ ಪ್ರಕಟವಾಯಿತು. ನಮ್ಮ ಹಿತ್ತಿಲಿನಲ್ಲೂ ಬದನೆಕಾಯಿ ಕೊಳೆಯುತ್ತದೆ. ಅದನ್ನು ತಿರುಗಿಸಿ ನೋಡು ಎಂದು ಹೇಳುವವರಿಲ್ಲ.

ಅಂಕಿ-ಅಂಶ ಬೇಕೆನ್ನುವವರಿಗೆ ಅದೂ ಇದೆ. ವಿಜ್ಞಾನ ಮತ್ತು ಗಣಿತದ ಪದವಿ ತರಗತಿಗಳ ಬಗ್ಗೆ ನಡೆದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಲೇಖನವೊಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 2014ರಲ್ಲೇ ಬಂತು. ಬರೀ ಉಪನ್ಯಾಸ ಕೇಳುವ ತರಗತಿಯಲ್ಲಿ ನಪಾಸಾಗುವ ಸಾಧ್ಯತೆ, ವಿದ್ಯಾರ್ಥಿಗಳೇ ಮಾಡಿ ಕಲಿಯುವ ತರಗತಿಗಿಂತ ಒಂದೂವರೆ ಪಟ್ಟು ಹೆಚ್ಚು ಎಂದು ಅದು ಹೇಳಿತು. ಒಂದು ಔಷಧಿಯ ವಿಷಯದಲ್ಲಿ ಇಂಥ ಲೆಕ್ಕ ಬಂದಿದ್ದರೆ ಹಳೆಯ ಔಷಧಿಯನ್ನು ಅಂಗಡಿಯಿಂದಲೇ ತೆಗೆಯುತ್ತಿದ್ದರು.

ನೆಪಗಳ ಪಟ್ಟಿ

ಮೊದಲ ನೆಪ, ಸಿಲಬಸ್ ಮುಗಿಯುವುದಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ರಾಜ್ಯ ಅದನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಎರಡು ಸಲ ಸಿಲಬಸ್ ಬದಲಾಯಿತು, ಎರಡು ಸಲವೂ ಗೈಡ್ ಬರೆಯುವವರಿಗೆ ಸುಗ್ಗಿಯಾಯಿತು. ಮುಗಿಸಿದ ಸಿಲಬಸ್‌ನಲ್ಲಿ ಪರೀಕ್ಷೆಯ ಮರುದಿನ ಉಳಿಯುವುದೆಷ್ಟು ಎಂದು ಯಾರೂ ಕೇಳಲಿಲ್ಲ.

ಎರಡನೆಯ ನೆಪ, ಇಂಗ್ಲಿಷ್. ಉರ್ದು ಶಾಲೆಯಲ್ಲಿ ಮೇಂಡಕ್ ಎಂದು ಕಲಿತ ಹುಡುಗಿ ಕನ್ನಡದಲ್ಲಿ ಕಪ್ಪೆ ಎಂದು ಕಲಿತು, ಕಾಲೇಜಿಗೆ ಬಂದು ಫ್ರಾಗ್ ಎನ್ನುವಷ್ಟರಲ್ಲಿ ಕಪ್ಪೆಯೇ ಕೈಬಿಟ್ಟು ಹಾರಿರುತ್ತದೆ. ಎರಡೂ ಭಾಷೆಗಳ ಶಾಲೆಯಲ್ಲಿ ಓದಿದ ನನಗೆ ಇದರ ಕಷ್ಟ ಗೊತ್ತು, ಇದರ ಲಾಭವೂ ಗೊತ್ತು. ಕಂಡದ್ದನ್ನು ಮೊದಲು ತನ್ನ ಮಾತಿನಲ್ಲಿ ಬರೆಯಲಿ; ಇಂಗ್ಲಿಷ್ ಹೆಸರು ಆಮೇಲೆ ಬಂದು ಸೇರಿಕೊಳ್ಳುತ್ತದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅನುಭವವನ್ನೇ ‘ಹಸುರು ಹೊನ್ನು’ ಎಂಬ ಪುಸ್ತಕವಾಗಿಸಿದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪದವಿ ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಹೇಗೆ ಕಲಿಸಬೇಕೆಂಬುದಕ್ಕೆ ಕನ್ನಡದಲ್ಲಿ ಅರ್ಧ ಶತಮಾನದಿಂದ ಒಂದು ಕೈಪಿಡಿ ಇದೆ. ನಾವು ಅದನ್ನು ಕನ್ನಡ ವಿಭಾಗದವರ ಪ್ರಬಂಧ ಎಂದುಕೊಂಡು ಅತ್ತ ಸರಿಸಿಟ್ಟಿದ್ದೇವೆ.

ಮೂರನೆಯದು ನಮ್ಮ ಮನೆಗಳದ್ದು. ಹೆಣ್ಣುಮಕ್ಕಳನ್ನು ಗುಡ್ಡ-ಕಾಡು ಎಂದು ಕಳಿಸುವುದಿಲ್ಲ ಎಂಬ ಮಾತು. ಇದನ್ನು ಮುಸ್ಲಿಂ ಮನೆಗಳಲ್ಲಿ ಮಾತ್ರ ಹೇಳುತ್ತಾರೆಂದು ಯಾರೂ ತಿಳಿಯಬೇಕಿಲ್ಲ; ಎಲ್ಲ ಜಾತಿಯ ತಂದೆಯಂದಿರೂ ಹೇಳುತ್ತಾರೆ. ಆದರೆ ನಮ್ಮಲ್ಲಿ ಹೆಚ್ಚು ಸಲೀಸಾಗಿ ಹೇಳುತ್ತಾರೆ ಎಂಬುದನ್ನೂ ಮುಚ್ಚಿಡಬೇಕಿಲ್ಲ. ಆತಂಕ ಸುಳ್ಳಲ್ಲ, ಅದಕ್ಕೆ ಉತ್ತರವಿದೆ: ಬೆಳಿಗ್ಗೆ ಹೊರಟು ಅಸರ್ ನಮಾಝಿನ ಹೊತ್ತಿಗೆ ಮರಳುವ ಪಯಣ, ಜೊತೆಗೊಬ್ಬ ಅಧ್ಯಾಪಕಿ, ಬರಬೇಕೆನ್ನುವ ತಾಯಂದಿರಿಗೆ ಬಸ್ಸಿನಲ್ಲಿ ಸೀಟು. ಇಷ್ಟಾದರೂ ಬೇಡವೆನ್ನುವ ಮನೆಯ ಹಿತ್ತಿಲಲ್ಲೇ ಪ್ರಯೋಗ ನಡೆಯಲಿ. ವೀಳ್ಯದ ಬಳ್ಳಿಯ ಬುಡದಲ್ಲಿ ಎಷ್ಟು ಬಗೆಯ ಇರುವೆ ಎಂದು ಎಣಿಸಲು ಯಾರ ಅನುಮತಿಯೂ ಬೇಡ. ಆದರೆ ಮಗಳಿಗೆ ವಿಜ್ಞಾನದ ಪದವಿ ಬೇಕು, ವಿಜ್ಞಾನ ಮಾತ್ರ ಬೇಡ ಎನ್ನುವ ತಂದೆ ಬೀಗರಿಗೆ ತೋರಿಸಲು ಒಂದು ಸರ್ಟಿಫಿಕೇಟನ್ನಷ್ಟೇ ಕೊಳ್ಳುತ್ತಿದ್ದಾನೆ.

ನಾಲ್ಕನೆಯದು ನೆಪವಲ್ಲ, ಅನ್ಯಾಯ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. 2023ರ ಕೊನೆಯಲ್ಲಿ ಅವರು ಸೇವೆಯನ್ನು ಕಾಯಂ ಮಾಡಿ ಎಂದು ತರಗತಿ ಬಹಿಷ್ಕರಿಸಿ ಬೀದಿಗಿಳಿದಿದ್ದರು. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂಬ ಮನುಷ್ಯನಿಗೆ ಹತ್ತು ವರ್ಷದ ರಿಜಿಸ್ಟರು ಶುರುಮಾಡು ಎನ್ನುವುದು ಕ್ರೂರ ತಮಾಷೆ. ಸೃಜನಶೀಲ ಬೋಧನೆಯ ಬಗ್ಗೆ ಕಾರ್ಯಾಗಾರ ನಡೆಸಿ, ಫೈಲು-ಪೆನ್ನು ಹಂಚಿ, ಊಟ ಹಾಕಿ ಕಳಿಸುವವರು ಮೊದಲು ಇದಕ್ಕೆ ಉತ್ತರ ಕೊಡಲಿ.

ಏನಾಗಬೇಕು?

1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದ ಕಾಡಂಚಿನಲ್ಲೇ ಕುಳಿತಿದೆ, ಮಲೆನಾಡಿನ ಕವಿಯ ಹೆಸರನ್ನೇ ಹೊತ್ತಿದೆ. ಅದರಂಥ ವಿಶ್ವವಿದ್ಯಾಲಯದಿಂದ ನಾವು ಕೇಳಬೇಕಾದದ್ದು ಹೆಚ್ಚೇನಿಲ್ಲ. ಪ್ರತಿ ಜೀವಶಾಸ್ತ್ರ ವಿದ್ಯಾರ್ಥಿಯೂ ಪದವಿ ಮುಗಿಸುವುದರೊಳಗೆ ತನ್ನ ಊರಿನ ಒಂದು ಪ್ರಶ್ನೆಗೆ ತಾನೇ ಉತ್ತರ ಹುಡುಕಬೇಕು. ಅದಕ್ಕೆ ಲಿಖಿತ ಪರೀಕ್ಷೆಯ ಒಂದು ಪತ್ರಿಕೆಯಷ್ಟೇ ಅಂಕವಿರಬೇಕು. ಅದನ್ನು ಕನ್ನಡದಲ್ಲೂ ಬರೆಯಲು ಅವಕಾಶವಿರಬೇಕು. ಅಂಕವಿಲ್ಲದ ಕೆಲಸವನ್ನು ವಿದ್ಯಾರ್ಥಿ ಮಾಡುವುದಿಲ್ಲ ಎಂದು ಬೈಯುವ ಬದಲು ಕೆಲಸಕ್ಕೆ ಅಂಕ ಕೊಡುವುದು ಸುಲಭ.

ಮಂಗನ ಕಾಯಿಲೆಯ ಪ್ರಶ್ನೆಗಳೇ ರಾಶಿ ಬಿದ್ದಿವೆ. ರೋಗವಿರುವ ಕಾಡಿಗೆ, ರೋಗದ ಕಾಲದಲ್ಲಿ, ವಿದ್ಯಾರ್ಥಿಗಳನ್ನು ಉಣುಗು ಹಿಡಿಯಲು ಕಳಿಸಬಾರದು; ಅದು ತಜ್ಞರ ಕೆಲಸ. ಆದರೆ ಮಳೆಗಾಲದಲ್ಲೇ ಹಳ್ಳಿಯ ಮನೆಗಳಲ್ಲಿ ಕುಳಿತು ಕೇಳಬಹುದಾದದ್ದು ಬಹಳವಿದೆ. ಬೇಸಿಗೆಯಲ್ಲಿ ಯಾರು ತರಗೆಲೆ ಗುಡಿಸಲು ಹೋಗುತ್ತಾರೆ? ದನ ಯಾವ ದಾರಿಯಲ್ಲಿ ಸೊಪ್ಪಿನ ಬೆಟ್ಟಕ್ಕೆ ಹೋಗಿ ಬರುತ್ತದೆ? ಮಂಗ ಸತ್ತದ್ದನ್ನು ಕಂಡರೆ ಯಾರಿಗೆ ಹೇಳುತ್ತಾರೆ, ಹೇಳದಿದ್ದರೆ ಯಾಕೆ? ಆರೋಗ್ಯ ಇಲಾಖೆ ಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತಾರೋ, ಅಟ್ಟದ ಮೇಲೆ ಇಡುತ್ತಾರೋ? ಕಾಡು ಕಡಿದು ಗದ್ದೆ ಮಾಡಿದ್ದಕ್ಕೂ, ಕಾಡಂಚಿನಲ್ಲಿ ದನ ಮೇಯುವುದಕ್ಕೂ, ಉಣುಗು ಹೆಚ್ಚುವುದಕ್ಕೂ ಸಂಬಂಧವಿದೆ ಎಂದು ಹೋರ್ಹೆ ಬೊಶೆಲ್ ಎಂಬ ವಿಜ್ಞಾನಿ 1969ರಲ್ಲೇ ವಾದಿಸಿದ್ದರು. ಆ ವಾದವನ್ನು ಇಂದಿನ ಅರಳಗೋಡಿನಲ್ಲಿ, ಹೊಸನಗರದ ಹಳ್ಳಿಗಳಲ್ಲಿ ಒರೆಗೆ ಹಚ್ಚಿ ನೋಡಲು ಆ ಊರುಗಳನ್ನು ಬಲ್ಲ ವಿದ್ಯಾರ್ಥಿಗಳಿಗಿಂತ ಯೋಗ್ಯರು ಯಾರಿದ್ದಾರೆ? ಹೊರಗಿನಿಂದ ಬಂದವರಿಗೆ ಬಾಗಿಲು ತೆರೆಯದ ಅಜ್ಜಿ ಕೂಡ ಮೊಮ್ಮಗಳ ಸಹಪಾಠಿಗೆ ಕಾಫಿ ಕೊಟ್ಟು ಎಲ್ಲವನ್ನೂ ಹೇಳುತ್ತಾಳೆ.

ಹೀಗೆ ಕಲಿತ ವಿದ್ಯಾರ್ಥಿನಿಗೆ ಮುಂದೆ ಸಂಶೋಧನೆಯ ಕೆಲಸ ಸಿಗಬಹುದು, ಸಿಗದಿರಬಹುದು. ಅವಳು ಶಾಲೆಯ ಟೀಚರ್ ಆಗಬಹುದು, ಅಂಗಡಿ ನೋಡಿಕೊಳ್ಳಬಹುದು, ಮದುವೆಯಾಗಿ ಇನ್ನೊಂದು ಕಾಡಂಚಿನ ಊರಿಗೆ ಹೋಗಬಹುದು. ಆ ಊರಿನಲ್ಲಿ ಒಂದು ಬೇಸಿಗೆ ಮಂಗ ಸತ್ತುಬಿದ್ದರೆ, ಅದರ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ಇಂದೇ ಹೇಳಿ, ಸಂಜೆ ಮಕ್ಕಳ ಮೈಯನ್ನು ಬಿಸಿನೀರಲ್ಲಿ ತೊಳೆದು ಹುಡುಕಿ ಎಂದು ಹೇಳುವವಳು ಒಬ್ಬಳಾದರೂ ಅಲ್ಲಿರುತ್ತಾಳೆ. ಹೇಳುವುದಷ್ಟೇ ಅಲ್ಲ, ಯಾಕೆಂದೂ ವಿವರಿಸುತ್ತಾಳೆ. ಪದವಿಯ ಬೆಲೆಯನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ತಕ್ಕಡಿ ಕಾಣುತ್ತಿಲ್ಲ.